ಬಾಗಿಲ ಹತ್ತಿರ ನಿಂತ ಮಗು

ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬರುವವರ ಬಾಲ್ಯದ ನೆನಪನ್ನು ನಾನು ಮೊದಲ ದಿನವೇ ಕೇಳುವುದಿಲ್ಲ. ಮೂರ್ನಾಲ್ಕು ಸೆಷನ್ ಕಳೆದು, ಮಾತು ಸಲೀಸಾದ ಮೇಲೆ ಕೇಳುತ್ತೇನೆ. "ಅಪ್ಪ ಯಾವಾಗಲೂ ಬೈತಿದ್ರು" ಅಂದರೆ ಸಾಲದು. ಒಂದು ಸಲ ನಡೆದದ್ದು ಬೇಕು, ಎಂಟು ವರ್ಷದೊಳಗಿನದಾದರೆ ಒಳ್ಳೆಯದು. ಆಮೇಲೆ ಎರಡೇ ಪ್ರಶ್ನೆ: ಅದರಲ್ಲಿ ಕಣ್ಣಿಗೆ ಕಟ್ಟಿದ ಹಾಗಿರುವ ಗಳಿಗೆ ಯಾವುದು? ಆಗ ಏನನ್ನಿಸಿತು? ಉತ್ತರವನ್ನು ಅವರ ಪದಗಳಲ್ಲೇ ಬರೆದುಕೊಳ್ಳುತ್ತೇನೆ.

ಇದು ವಿಯೆನ್ನಾದ ವೈದ್ಯ ಆಲ್ಫ್ರೆಡ್ ಆಡ್ಲರ್ (1870–1937) ತೋರಿಸಿದ ದಾರಿ. ಬಾಲ್ಯದಲ್ಲಿ ನಡೆದದ್ದು ಎಷ್ಟೋ ಇರುತ್ತದೆ, ಇದೊಂದೇ ಯಾಕೆ ಉಳಿಯಿತು? ಈಗಿನ ಬದುಕನ್ನು ನಾವು ನೋಡುವ ರೀತಿಗೆ ಅದು ಹೊಂದುತ್ತದೆ, ಅದಕ್ಕೇ ಉಳಿದಿದೆ ಅನ್ನುವುದು ಅವರ ವಾದ. ನನಗೆ ಇದು ಅರ್ಥವಾಗಿದ್ದು ಎಡವಿದ ಮೇಲೆ.

ಒಬ್ಬಾಕೆ ಬರುತ್ತಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಕೆಲಸದ ಜಾಗದಲ್ಲಿ ಯಾರಾದರೂ ಕೇಳುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಅವರ ನೆನಪು ಇದು: ನಾಲ್ಕೈದು ವರ್ಷ ಇರಬಹುದು, ಕೋಣೆಯೊಳಗೆ ಮಕ್ಕಳು ಆಡುತ್ತಿದ್ದಾರೆ, ತಾನು ಬಾಗಿಲ ಹತ್ತಿರ ನಿಂತಿದ್ದೇನೆ.

ನಾನು ಆತುರಪಟ್ಟೆ. "ಅಮ್ಮ ನಿಮ್ಮ ಕಡೆ ಜಾಸ್ತಿ ಗಮನ ಕೊಡ್ತಿರಲಿಲ್ವಾ?" ಅಂದುಬಿಟ್ಟೆ. ಮುಂದಿನ ವಾರ ಅವರು ಅಮ್ಮನ ಮೇಲೆ ದೊಡ್ಡ ದೂರನ್ನೇ ತಂದರು. ಅದು ಅವರ ನೆನಪಲ್ಲ, ನನ್ನ ಪ್ರಶ್ನೆ ಹೆತ್ತ ಕತೆ. 1995ರಲ್ಲಿ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಸಹೋದ್ಯೋಗಿ ಪ್ರಕಟಿಸಿದ ಪ್ರಯೋಗದಲ್ಲಿ, "ನೀನು ಚಿಕ್ಕವನಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದೆ" ಅನ್ನುವ ಕಟ್ಟುಕತೆಯನ್ನು 24 ಜನರಲ್ಲಿ 6 ಮಂದಿ ಪೂರ್ತಿಯಾಗಿಯೋ ಅರೆಬರೆಯಾಗಿಯೋ ತಮ್ಮದೇ ನೆನಪು ಅಂದುಕೊಂಡಿದ್ದರು. ಓದಿದ್ದೆ, ಗೊತ್ತಿತ್ತು. ಆದರೂ ಕೇಳಿಬಿಟ್ಟೆ ನೋಡಿ.

ತಪ್ಪು ನನ್ನದು ಅಂತ ಅವರಿಗೇ ಹೇಳಿ, ಬರೆದಿಟ್ಟಿದ್ದ ಮಾತುಗಳಿಗೆ ವಾಪಸ್ ಹೋದೆ. ಕಣ್ಣಿಗೆ ಕಟ್ಟಿದ್ದು ಯಾವುದು? "ನನ್ನ ಕೈ ಬಾಗಿಲ ಮೇಲಿತ್ತು. ತಳ್ಳಲಿಲ್ಲ." ಒಳಗಿಂದ ಚಿಲಕ ಹಾಕಿತ್ತಾ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ, ಕರೀಲಿ ಅಂತ ಕಾಯ್ತಿದ್ದೆ" ಅಂದರು. ಈಗ ಎಲ್ಲಿ ಹೀಗೆ ಕಾಯ್ತೀರಿ ಅಂತ ಕೇಳಿದೆ. ಆ ದಿನ ಮಾತಾಡಿದ್ದೆಲ್ಲ ಆಫೀಸಿನದೇ. ಅಮ್ಮನ ಸುದ್ದಿ ಬರಲೇ ಇಲ್ಲ.

ಎಲ್ಲರ ಹತ್ತಿರ ಹೀಗೆ ಮಾಡಲ್ಲ. ಹೇಳುತ್ತಿರುವಾಗಲೇ ಉಸಿರು ಬಿಗಿಯಾಗಿ ಕೈ ನಡುಗಿದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಅವರ ಗಮನವನ್ನು ಈ ಕೋಣೆಗೆ, ಈ ಕುರ್ಚಿಗೆ ಕರೆತರುತ್ತೇನೆ.

ಕೆಲವು ತಿಂಗಳ ಮೇಲೆ ಅದೇ ನೆನಪನ್ನು ಮತ್ತೆ ಕೇಳಿದೆ. ಬಾಗಿಲು ಅದೇ, ಕೈಯೂ ಅಲ್ಲೇ. ಆದರೆ ಈ ಸಲ ಒಳಗೆ ಮಕ್ಕಳು ಆಡುತ್ತಿದ್ದ ಆಟ ಯಾವುದು ಅಂತ ಹೇಳಿದರು.