ಸವೆದ ಹಲ್ಲು ಎಮ್ಮೆಯದಲ್ಲ, ಘೇಂಡಾಮೃಗದ್ದು: ನನ್ನ ಅನುಭವ

ಘಟಪ್ರಭಾ ಹೊಳೆಯ ಗರಸಿನ ಪದರದಲ್ಲಿ ನನಗೆ ಸಿಕ್ಕ ಪಳೆಯುಳಿಕೆ ಹಲ್ಲು ಘೇಂಡಾಮೃಗದ್ದೇ ಎಂದು ಈಗ ಮೂವರು ಬಲ್ಲವರು ಒಪ್ಪಿದ್ದಾರೆ. ಅವರಲ್ಲಿ ಇಬ್ಬರು ಮೊದಲು "ಎಮ್ಮೀದು, ಬಿಡ್ರಿ ಸರ್" ಅಂದವರೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಹಾಗೆ ಅನ್ನಲು ಕಾರಣವೂ ಇತ್ತು. ಸಿಕ್ಕಿದ್ದು ಮೂರು ಸೆಂಟಿಮೀಟರ್ ಚಿಲ್ಲರೆಯ ತುಂಡು. ಹೊರಗೋಡೆ ಹಾರಿಹೋಗಿತ್ತು, ಬೇರಿಲ್ಲ, ಕಿರೀಟ (ಬೇರಿನ ಮೇಲಿನ ಭಾಗ) ಒಂದು ಸೆಂಟಿಮೀಟರ್ ಉಳಿದಿದ್ದರೆ ಹೆಚ್ಚು. ಅಳತೆ ಹಿಡಿದು ಹೇಳುವ ಹಾಗಿರಲಿಲ್ಲ. ಮೇಲೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಎರಡು ಉಂಗುರ ಮಾತ್ರ. ಉಂಗುರ ಕಂಡೊಡನೆ ಎಲ್ಲರ ಬಾಯಲ್ಲೂ ಎಮ್ಮೆಯೇ. ಘೇಂಡಾಮೃಗದ ಮೇಲ್ದವಡೆ ಹಲ್ಲು ತೀರಾ ಸವೆದರೆ ನಡುವಿನ ಕಣಿವೆಯ ಬಾಯಿ ಮುಚ್ಚಿಕೊಂಡು ಅದೂ ಉಂಗುರವೇ ಆಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ರೈನಾಸರಸ್ ಡೆಕ್ಕನೆನ್ಸಿಸ್ (ಘೇಂಡಾಮೃಗದ ಒಂದು ಪ್ರಭೇದ) ಎಂದು ಹೆಸರಿಟ್ಟದ್ದು ಇದೇ ಗೋಕಾಕ ಸೀಮೆಯ ಎಲುಬುಗಳಿಗೆ. ಹಾಗಿರುವಾಗ ಎಮ್ಮೆ ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ದುಡ್ಡು ಹೋದ ದಾರಿ ಹೇಳುತ್ತೇನೆ. ಸಿಟಿ ಸ್ಕ್ಯಾನ್‌ಗೆ ಮೂರು ಸಾವಿರದ ಆಸುಪಾಸು ಕೊಟ್ಟೆ. ಹಲ್ಲಿನೊಳಗೆಲ್ಲ ಸುಣ್ಣಕಲ್ಲು ತುಂಬಿದ್ದರಿಂದ ಎನಾಮೆಲ್, ಅದರೊಳಗಿನ ಪದರ ಡೆಂಟಿನ್ ಎರಡೂ ಒಂದೇ ಬಿಳಿ ಮುದ್ದೆಯಾಗಿ ಬಂದವು. ತೆಳುಪದರ ಕೊಯ್ಯಲು ಒಂದು ಲ್ಯಾಬ್ ಆರು ಸಾವಿರ ಕೇಳಿತು. ದುಡ್ಡಿಗಿಂತ ಹಲ್ಲು ಕೊಯ್ಯಬೇಕಲ್ಲ ಎಂದು ಬಿಟ್ಟೆ. ಫೋಟೊ ಕಳಿಸಿದರೆ ಒಬ್ಬರು ಎಮ್ಮೆ ಎಂದರು, ಇನ್ನೊಬ್ಬರು ಕುದುರೆ.

ಕೊನೆಗೆ ಮೇಲಿನ ನಕ್ಷೆ ಬಿಟ್ಟು ಎನಾಮೆಲ್‌ನ ಒಳನೇಯ್ಗೆ ಹಿಡಿದೆ. ಘೇಂಡಾಮೃಗದಲ್ಲಿ ಹಂಟರ್–ಶ್ರೇಗರ್ ಪಟ್ಟಿಗಳು (ಎನಾಮೆಲ್‌ನ ಒಳ ಎಳೆಗಳು ದಿಕ್ಕು ಬದಲಿಸುವಲ್ಲಿ ಕಾಣುವ ಕಪ್ಪು-ಬಿಳಿ ಗೆರೆಗಳು) ನೆಟ್ಟಗೆ ನಿಂತಿರುತ್ತವೆ; ದನ, ಎಮ್ಮೆಗಳಲ್ಲಿ ಅಡ್ಡ ಮಲಗಿರುತ್ತವೆ. ನಿಂತ ಪಟ್ಟಿ ಕಿರೀಟದುದ್ದಕ್ಕೂ ಇಳಿಯುವುದರಿಂದ ಹಲ್ಲು ಎಷ್ಟೇ ಸವೆದರೂ ಅಳಿಯದು. ಅರೆಯುವ ಅಂಚಿನಲ್ಲೂ ಎನಾಮೆಲ್‌ನ ದಪ್ಪಕ್ಕೆ ಅಡ್ಡಲಾಗಿ ಸಣ್ಣ ಸಣ್ಣ ಏಣುಗಳು ಕಾಣುತ್ತವೆ.

ಸುಣ್ಣವನ್ನು ಸೂಜಿಯಿಂದಲೇ ಬಿಡಿಸಿದೆ, ವಿನೆಗರ್ ಮುಟ್ಟಿಸಲಿಲ್ಲ. ಸುಮಾರು ಎರಡು ಸಾವಿರದ ಯುಎಸ್‌ಬಿ ಮೈಕ್ರೋಸ್ಕೋಪ್, ಕತ್ತಲೆ ಕೋಣೆ, ಪೆನ್ ಟಾರ್ಚ್. ಮೈಕ್ರೋಸ್ಕೋಪಿನ ಸ್ವಂತ ದೀಪ ಆರಿಸಲೇಬೇಕು. ಬೆಳಕು ಪಕ್ಕದಿಂದ, ಬಹಳ ತಗ್ಗಿನಿಂದ ಬೀಳಬೇಕು. ಹೊಳಪು ಕೊಲ್ಲಲು ಮೇಲೆ ಒಂದು ಹನಿ ಹಾಕುತ್ತೇನೆ. ಅದು ಏನೆಂದು ಸದ್ಯಕ್ಕೆ ಹೇಳುವುದಿಲ್ಲ. ಹಲ್ಲು ಸಿಕ್ಕ ಜಾಗವನ್ನೂ ಕೇಳಬೇಡಿ, ಅಲ್ಲಿ ಉಸುಕಿನ ಲಾರಿಗಳ ಕಾಟ ಮೊದಲೇ ಸಾಕಷ್ಟಿದೆ.

ನಿಂತ ಗೆರೆಗಳು ಕಂಡವು. ಎಮ್ಮೆ ಎಂದಿದ್ದವರು "ಬಿರುಕು ಇರಬೇಕು" ಅಂದರು. ಟಾರ್ಚನ್ನು ಎದುರು ಬದಿಗೆ ತಂದೆ: ಕಪ್ಪು ಪಟ್ಟಿ ಬೆಳ್ಳಗಾಯಿತು, ಬೆಳ್ಳಗಿದ್ದದ್ದು ಕಪ್ಪಾಯಿತು. ಬಿರುಕು ಹಾಗೆ ಬಣ್ಣ ಬದಲಿಸುವುದಿಲ್ಲ. ಇದರ ವಿಡಿಯೊ ನೋಡಿದ ಮೇಲೆಯೇ ಅವರ ವಾದ ನಿಂತದ್ದು. ಇಷ್ಟು ಅಗ್ಗದ ಸಾಮಾನಿನಲ್ಲಿ ಇಷ್ಟು ಸ್ಪಷ್ಟವಾಗಿ ತೆಗೆದದ್ದನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಇದರ ನಡುವೆ ಎಮ್ಮೆಯ ಒಂದು ಹಲ್ಲನ್ನು ನೀರು ಹಾಕಿ ಪಾಲಿಶ್ ಪೇಪರ್ ಮೇಲೆ ಬುಡದವರೆಗೂ ತೇಯ್ದೆ, ಮಿಲಿಮೀಟರಿಗೊಂದು ಫೋಟೊ. ಒಳಬದಿಯ ಪುಟ್ಟ ಕಂಬ ಮೊದಲು ಬೇರೆ ಉಂಗುರವಾಗಿ ಮೂಡಿ, ಕೆಳಗಿಳಿದಂತೆ ಗೋಡೆಗೆ ಸೇರಿತು. ಅಡ್ಡ ಪಟ್ಟಿಗಳು ಮಾತ್ರ ಕೊನೆಯವರೆಗೂ ಅಡ್ಡವೇ. ಟಾಂಗಾ ಕುದುರೆಯ ಹಲ್ಲಿನಲ್ಲೂ ನಿಂತ ಗೆರೆ ಕಾಣಲಿಲ್ಲ. ಒಂದು ಕಾಲೇಜಿನ ಕಪಾಟಿನಲ್ಲಿ ದೂಳು ಹಿಡಿದಿದ್ದ ಶಿವಾಲಿಕ್ (ಹಿಮಾಲಯದ ತಪ್ಪಲಿನ ಬೆಟ್ಟಗಳ) ಘೇಂಡಾಮೃಗದ ಹಲ್ಲಿನಲ್ಲಿ ನನ್ನದರಂತೆಯೇ ಕಂಡವು. ಹೋಲಿಕೆಗೆ ಹಲ್ಲಿನ ಅಚ್ಚು (ಎರಕದ ಪ್ರತಿ) ಸಾಲದು, ನಿಜವಾದ ಎನಾಮೆಲ್ಲೇ ಬೇಕು.

ಡೆಕ್ಕನೆನ್ಸಿಸ್ ಹೌದೋ ಅಲ್ಲವೋ ಎಂಬುದನ್ನು ಈ ತುಂಡು ಹೇಳಲಾರದು. ಅದಕ್ಕೆ ಹೊರಗೋಡೆ ಉಳಿದ, ಕಡಿಮೆ ಸವೆದ ಹಲ್ಲು ಬೇಕು. ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ಅದೇ ಪದರದಲ್ಲಿ ಮತ್ತೆ ಹುಡುಕುತ್ತೇನೆ.