ತೂಕ ಒಂದೇ 353, ಆಮ್ಲ ಮೂರು: ಕ್ಲೋರೋಜೆನಿಕ್ ಐಸೋಮರ್‌ಗಳನ್ನು ನಾನು ಗುರುತಿಸುವ ಬಗೆ

ಹಸಿ ಕಾಫಿ ಬೀಜದ ಸಾರವನ್ನು ಕಾಲಮ್ (ಘಟಕಗಳನ್ನು ಬೇರ್ಪಡಿಸುವ ಕೊಳವೆ) ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ (ಅಯಾನುಗಳ ತೂಕ ಅಳೆಯುವ ಯಂತ್ರ), ಋಣಾವೇಶದ ಅಯಾನುಗಳನ್ನು ಹಿಡಿಯುವ ನೆಗೆಟಿವ್ ಮೋಡ್‌ನಲ್ಲಿ ಓಡಿಸಿ 353.088 ಅಯಾನನ್ನು ಮಾತ್ರ ಎಳೆದು ನೋಡಿದರೆ ಮೂರು ಪೀಕ್‌ಗಳು ಎದ್ದು ನಿಲ್ಲುತ್ತವೆ. ಇವೇ ಕ್ಲೋರೋಜೆನಿಕ್ ಆಮ್ಲದ ಐಸೋಮರ್‌ಗಳು (ಪರಮಾಣುಗಳು ಅವೇ, ಜೋಡಣೆ ಬೇರೆ). ಮೂರರ ಅಣುಸೂತ್ರವೂ ಒಂದೇ: 16 ಇಂಗಾಲ, 18 ಜಲಜನಕ, 9 ಆಮ್ಲಜನಕ. ಕ್ವಿನಿಕ್ ಆಮ್ಲದ ಉಂಗುರದಲ್ಲಿ ಕೆಫೀಕ್ ಆಮ್ಲ ಅಂಟಿಕೊಂಡ ಜಾಗ 3ನೆಯದೋ, 4ನೆಯದೋ, 5ನೆಯದೋ ಎಂಬುದಷ್ಟೇ ವ್ಯತ್ಯಾಸ. ಎಂಥ ಹೈ ರೆಸಲ್ಯೂಷನ್ ಯಂತ್ರವೂ ನಿಖರ ತೂಕದಿಂದ ಇದನ್ನು ಹೇಳಲಾರದು. ತೂಕವೇ ಒಂದಾದ ಮೇಲೆ ಎಷ್ಟು ದಶಮಾಂಶ ಇದ್ದರೇನು? ಕೆಲಸಕ್ಕೆ ಬರುವುದು ಎರಡು: ಅಯಾನು ಒಡೆದಾಗ ಬರುವ ಚೂರುಗಳ ಪೀಕ್‌ಗಳ ಪರಸ್ಪರ ಎತ್ತರ, ಮತ್ತು ಕಾಲಮ್‌ನಿಂದ ಹೊರಬರುವ ಸಮಯ.

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳಬೇಕು. 1976ರ ಐಯುಪಿಎಸಿ (ರಾಸಾಯನಿಕ ಹೆಸರುಗಳ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದ ಪ್ರಕಾರ ಸಾಮಾನ್ಯ ಕ್ಲೋರೋಜೆನಿಕ್ ಆಮ್ಲ ಎಂದರೆ 5-ಕೆಫಿಯೋಯಿಲ್‌ಕ್ವಿನಿಕ್ ಆಮ್ಲ. ಹಳೆಯ ಎಣಿಕೆಯಲ್ಲಿ ಅದೇ ವಸ್ತು 3. ಇಂದಿಗೂ ಬಾಟಲಿಗಳ ಮೇಲೆ ಎರಡೂ ಬಗೆಯ ಅಂಕಿ ಕಾಣುತ್ತದೆ. ಹಾಗಾಗಿ ನಾನು ಹೆಸರು ನಂಬುವುದಿಲ್ಲ, ಪ್ರತಿ ರಾಸಾಯನಿಕಕ್ಕೂ ಪ್ರತ್ಯೇಕವಾಗಿರುವ ಸಿಎಎಸ್ ಸಂಖ್ಯೆ ನೋಡುತ್ತೇನೆ: ಕ್ಲೋರೋಜೆನಿಕ್ 327-97-9, ನಿಯೋಕ್ಲೋರೋಜೆನಿಕ್ 906-33-2, ಕ್ರಿಪ್ಟೋಕ್ಲೋರೋಜೆನಿಕ್ 905-99-7. ಕೆಳಗೆ ನಾನು ಬಳಸುವುದು ಐಯುಪಿಎಸಿ ಎಣಿಕೆ. ಅದರಲ್ಲಿ ಇವು ಕ್ರಮವಾಗಿ 5, 3 ಮತ್ತು 4.

ಮಾದರಿ ತಯಾರಿಯಲ್ಲಿ ವಿಶೇಷವೇನಿಲ್ಲ. 100 ಮಿ.ಗ್ರಾಂ ನುಣ್ಣನೆಯ ಪುಡಿಗೆ ಶೇ 70ರ ಮೆಥನಾಲ್ 10 ಮಿ.ಲೀ., ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ 15 ನಿಮಿಷ (ನೀರು ಬಿಸಿಯೇರುತ್ತದೆ, ಐಸ್ ಹಾಕಿ), ಸೆಂಟ್ರಿಫ್ಯೂಜ್, 0.22 ಮೈಕ್ರಾನ್ ಫಿಲ್ಟರ್, ಕಂದು ಬಣ್ಣದ ವಯಲ್. ಕಾಲಮ್ 150 × 2.1 ಮಿ.ಮೀ. ಸಿ18 (18 ಇಂಗಾಲದ ಸರಪಳಿ ಹೊದಿಸಿದ ಕಣಗಳು ತುಂಬಿದ್ದು). ಶೇ 0.1 ಫಾರ್ಮಿಕ್ ಆಮ್ಲದ ನೀರಿಗೆ ಅಸಿಟೋನೈಟ್ರೈಲ್ ಶೇ 5ರಿಂದ 25ಕ್ಕೆ 20 ನಿಮಿಷದಲ್ಲಿ ಏರುತ್ತದೆ. ಹರಿವು ನಿಮಿಷಕ್ಕೆ 0.3 ಮಿ.ಲೀ., ಇಂಜೆಕ್ಷನ್ 2 ಮೈಕ್ರೋಲೀಟರ್. ಯುವಿ ಡಿಟೆಕ್ಟರ್ 325 ನ್ಯಾನೋಮೀಟರ್‌ನಲ್ಲಿ ಜೊತೆಗೇ ಓಡುತ್ತಿರಲಿ. ಮೊದಲು ಬರುವುದು 3. ಆಮೇಲಿನ 4 ಮತ್ತು 5 ಅಕ್ಕಪಕ್ಕ ಬರುತ್ತವೆ, ಕಾಲಮ್ ಬದಲಾದರೆ ಅವುಗಳ ಸರದಿಯೂ ಬದಲಾಗಬಹುದು. ಬೇರೆಯವರ ಕ್ರೋಮಟೋಗ್ರಾಮ್ ನೋಡಿ ಪೀಕ್‌ಗೆ ಹೆಸರಿಡುವವರು ಎಡವುವುದು ಇಲ್ಲೇ.

ಇನ್ನು ಚೂರುಗಳು. 353ರಿಂದ ಕೆಫಿಯೋಯಿಲ್ ಭಾಗ (162) ಹೋದರೆ ಉಳಿಯುವುದು ಕ್ವಿನಿಕ್ ಆಮ್ಲದ 191. ಕೆಫೀಕ್ ಆಮ್ಲ ಇಡಿಯಾಗಿ (180) ಕಳಚಿದರೆ 173, ಅಂದರೆ ನೀರು ಕಳೆದುಕೊಂಡ ಕ್ವಿನಿಕ್. ಋಣಾವೇಶ ಕೆಫೀಕ್ ಆಮ್ಲದ ಪಾಲಾದರೆ 179. ಅದು ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ 135. ಈ ನಾಲ್ಕರ ಎತ್ತರದಲ್ಲೇ ಇಡೀ ಗುಟ್ಟಿದೆ. ಅಯಾನ್ ಟ್ರ್ಯಾಪ್‌ನಲ್ಲಿ (ಅಯಾನುಗಳನ್ನು ಹಿಡಿದಿಟ್ಟು ಒಡೆಯುವ ಬಗೆಯ ಯಂತ್ರ) 4ರ ಬೇಸ್ ಪೀಕ್ (ಅತಿ ಎತ್ತರದ ಪೀಕ್) 173. ಮಿಕ್ಕ ಎರಡರಲ್ಲಿ 173 ಲೆಕ್ಕಕ್ಕಿಲ್ಲ, ಬೇಸ್ ಪೀಕ್ 191. ಆ ಎರಡನ್ನು ಬಿಡಿಸುವುದು 179: 3ರಲ್ಲಿ ಅದು 191ರ ಸುಮಾರು ಅರ್ಧದಷ್ಟು ಎದ್ದಿರುತ್ತದೆ, 5ರಲ್ಲಿ ಶೇ 5ರ ಆಸುಪಾಸಿನಲ್ಲಿ ನೆಲ ಕಚ್ಚಿರುತ್ತದೆ. ಈ ಶ್ರೇಣೀಕೃತ ಕ್ರಮವನ್ನು ಕ್ಲಿಫರ್ಡ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಇಂದಿಗೂ ಇದಕ್ಕಿಂತ ಸರಳವಾದದ್ದನ್ನು ನಾನು ಕಂಡಿಲ್ಲ. ಅಪರೂಪದ 1ನೇ ಐಸೋಮರ್ ಮಾತ್ರ ಚೂರುಗಳಲ್ಲಿ 5ನ್ನೇ ಹೋಲುತ್ತದೆ, ಅದನ್ನು ಹೊರಬರುವ ಸಮಯದಿಂದಲೇ ಹಿಡಿಯಬೇಕು.

ಟ್ರ್ಯಾಪ್‌ನ ಈ ಅನುಪಾತಗಳನ್ನು ಕ್ಯೂ-ಟಾಫ್, ಟ್ರಿಪಲ್ ಕ್ವಾಡ್ ಎಂಬ ಬೇರೆ ಬಗೆಯ ಮಾಸ್ ಸ್ಪೆಕ್ಟ್ರೋಮೀಟರ್‌ಗಳಿಗೆ ಹಾಗೇ ಹಚ್ಚಬೇಡಿ. ಅಲ್ಲಿ ಕೊಲಿಷನ್ ಶಕ್ತಿ (ಅಯಾನನ್ನು ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೆಯುವ ಶಕ್ತಿ) ಏರಿಸುತ್ತಾ ಹೋದರೆ 191 ಮತ್ತೆ ಒಡೆದು 127, 93, 85 ಆಗುತ್ತದೆ, 173 ಕರಗಿ 93 ಬೆಳೆಯುತ್ತದೆ, 179ರ ಜಾಗಕ್ಕೆ 135 ಬರುತ್ತದೆ. 173 ಕಾಣಲಿಲ್ಲವೆಂದು 4 ಇಲ್ಲವೆಂದರೆ ತಪ್ಪಾಯಿತು. ನಾನು 10, 20, 30 ಎಲೆಕ್ಟ್ರಾನ್ ವೋಲ್ಟ್ ಮೂರರಲ್ಲೂ ತೆಗೆದು, ತಾಯಿ ಅಯಾನು (353) ಇನ್ನೂ ಸ್ವಲ್ಪ ಉಳಿದಿರುವ ಶಕ್ತಿಯಲ್ಲಿ ಅನುಪಾತ ಅಳೆಯುತ್ತೇನೆ. ಸಂಗ್ರಹದ ಸ್ಪೆಕ್ಟ್ರಮ್‌ಗಳೊಂದಿಗೆ ಹೋಲಿಸಿ ತಂತ್ರಾಂಶ ಕೊಡುವ ಲೈಬ್ರರಿ ಮ್ಯಾಚ್ ಸ್ಕೋರ್‌ಗೆ ಇಲ್ಲಿ ಕಿಮ್ಮತ್ತಿಲ್ಲ. ಮೂರೂ ಐಸೋಮರ್‌ಗಳಿಗೆ ಹೆಚ್ಚೂಕಮ್ಮಿ ಒಂದೇ ಅಂಕ ಬಂದುಬಿಡುತ್ತದೆ.

ಅದಕ್ಕೇ ಸ್ಟ್ಯಾಂಡರ್ಡ್ (ಗುರುತು ಖಚಿತವಿರುವ ಶುದ್ಧ ವಸ್ತು) ಅದೇ ದಿನ, ಅದೇ ಯಂತ್ರದಲ್ಲಿ ಓಡಬೇಕು. 3 ಮತ್ತು 4 ಕೊಳ್ಳದೆಯೂ ನಡೆಯುತ್ತದೆ. ಶುದ್ಧ 5ನ್ನು ನೀರಿನಲ್ಲಿ ಕರಗಿಸಿ, ತೆಳು ಅಮೋನಿಯಾದಿಂದ ಪಿಎಚ್ 8ಕ್ಕೆ ತಂದು, ಕುದಿಯುವ ನೀರಿನ ತೊಟ್ಟಿಯಲ್ಲಿ 30 ನಿಮಿಷ ಇಡಿ. ಕೆಫಿಯೋಯಿಲ್ ಗುಂಪು ಉಂಗುರದ ಮೇಲೆ 5ರಿಂದ 4ಕ್ಕೆ, 4ರಿಂದ 3ಕ್ಕೆ ಜಿಗಿಯುತ್ತದೆ. ತಣ್ಣಗಾದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 3ರ ಹತ್ತಿರ ನಿಲ್ಲಿಸಿದರೆ ಮೂರೂ ಒಂದೇ ವಯಲ್‌ನಲ್ಲಿ ಸಿಗುತ್ತವೆ. ದ್ರಾವಣ ಹಸಿರು ಇಲ್ಲವೇ ಕಂದಾದರೆ ಆಕ್ಸಿಡೀಕರಣ ಶುರುವಾಗಿದೆ. ಮೊದಲೇ ನೈಟ್ರೋಜನ್ ಹಾಯಿಸಿದ್ದರೆ ತಪ್ಪುತ್ತಿತ್ತು.

ಇದೇ ಜಿಗಿತ ಮಾದರಿಯಲ್ಲಿ ಆದರೆ ಅನರ್ಥ. ಸಾರವನ್ನು ತಟಸ್ಥ ಬಫರ್‌ನಲ್ಲಿ ಬಿಸಿ ಮಾಡಿದರೆ ಸಸ್ಯದಲ್ಲಿ ಅಷ್ಟಿಲ್ಲದ 3 ಮತ್ತು 4 ನಿಮ್ಮ ವರದಿಯಲ್ಲಿ ಹುಟ್ಟಿಕೊಳ್ಳುತ್ತವೆ. ಬೆಳಕಿಗೆ ಬಿಟ್ಟರೆ ಸಹಜವಾದ ಟ್ರಾನ್ಸ್ ರೂಪ ಜೋಡಿ ಬಂಧದ ಸುತ್ತ ತಿರುಗಿ ಸಿಸ್ ರೂಪವಾಗುತ್ತದೆ: ಅದೇ 353, ಹೆಚ್ಚುಕಡಿಮೆ ಅವೇ ಚೂರುಗಳು, ಆದರೆ ಸಿಸ್-5 ತನ್ನ ಟ್ರಾನ್ಸ್ ಜೋಡಿಗಿಂತ ತಡವಾಗಿ ಬರುತ್ತದೆ. ಅನುಮಾನವಿದ್ದರೆ ಸ್ಟ್ಯಾಂಡರ್ಡ್‌ಗೆ ಸ್ವಲ್ಪ ಹೊತ್ತು ಯುವಿ ದೀಪ ತೋರಿಸಿ ಮತ್ತೆ ಓಡಿಸಿ. ಹೊಸ ಪೀಕ್ ಎದ್ದ ಜಾಗವೇ ಉತ್ತರ.

ಗ್ರೇಡಿಯಂಟ್‌ನ ಕೊನೆಯಲ್ಲಿ 353 ಮತ್ತೆ ಕಂಡರೆ ಪೂರ್ಣ ಸ್ಕ್ಯಾನ್‌ನಲ್ಲಿ 515 ಇದೆಯೇ ನೋಡಿ. ಇದ್ದರೆ, ಎರಡು ಕೆಫಿಯೋಯಿಲ್ ಇರುವ ಡೈಕೆಫಿಯೋಯಿಲ್‌ಕ್ವಿನಿಕ್ ಆಮ್ಲ ಅಯಾನ್ ಸೋರ್ಸ್‌ನಲ್ಲೇ (ಅಯಾನು ಹುಟ್ಟುವ ಜಾಗ) ಒಂದು ಕೆಫಿಯೋಯಿಲ್ ಕಳಚಿಕೊಂಡಿರುತ್ತದೆ. 707 ಕಂಡರೆ ಅದು ಎರಡು ಅಣು ಸೇರಿದ ಡೈಮರ್, ಸಾಂದ್ರತೆ ಜಾಸ್ತಿಯಾಗಿದೆ ಎಂದರ್ಥ; ಹತ್ತು ಪಟ್ಟು ತೆಳು ಮಾಡಿ.

ಕೊನೆಗೆ 367. ಅದನ್ನು ಕಂಡ ಕೂಡಲೇ ಫೆರುಲೋಯಿಲ್‌ಕ್ವಿನಿಕ್ (ಕೆಫೀಕ್ ಬದಲು ಫೆರುಲಿಕ್ ಆಮ್ಲ ಅಂಟಿದ್ದು) ಎಂದು ಬರೆದುಬಿಡುವ ಚಾಳಿಯಿದೆ. ಮೆಥನಾಲ್‌ನಲ್ಲಿ ಬಹಳ ಹೊತ್ತು ಇಟ್ಟ ಸಾರದಲ್ಲಿ ಕೆಫಿಯೋಯಿಲ್‌ಕ್ವಿನಿಕ್ ಆಮ್ಲದ ಮೀಥೈಲ್ ಎಸ್ಟರ್ ಹುಟ್ಟಬಹುದು, ಅದರ ಸೂತ್ರವೂ ಅದೇ. ಫೆರುಲೋಯಿಲ್‌ನವು 3ರಲ್ಲಿ 193, 4ರಲ್ಲಿ 173, 5ರಲ್ಲಿ 191ನ್ನು ಬೇಸ್ ಪೀಕ್ ಆಗಿ ಕೊಡುತ್ತವೆ. ಮೀಥೈಲ್ ಎಸ್ಟರ್ 193 ಕೊಡುವುದಿಲ್ಲ; 179, 161, 135 ಕೊಡುತ್ತದೆ. ಶೇ 70 ಎಥನಾಲ್‌ನಲ್ಲಿ ಇನ್ನೊಮ್ಮೆ ಸಾರ ತೆಗೆದಾಗ ಆ ಪೀಕ್ ಮಾಯವಾದರೆ ಅದು ಸಸ್ಯದ್ದಲ್ಲ, ನಿಮ್ಮ ದ್ರಾವಕದ್ದು.