ನನ್ನ ಚಿತ್ರಸಂಗ್ರಹ ಮ್ಯೂಸಿಯಂ ಸೇರಿದ ಬಗೆ

ಚಿತ್ರ ಪುಕ್ಕಟೆ ಕೊಡುತ್ತೇನೆ ಎಂದರೆ ಮ್ಯೂಸಿಯಂನವರು ಎರಡೂ ಕೈ ಚಾಚುತ್ತಾರೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಚಿತ್ರ ಒಮ್ಮೆ ಒಳಗೆ ಹೋದರೆ ಅದನ್ನು ಕಾಯುವ, ಕಾಪಾಡುವ ಖರ್ಚೆಲ್ಲ ಅವರ ತಲೆಗೇ. ಹಾಗಾಗಿ ಅಳೆದು ತೂಗಿ ತೆಗೆದುಕೊಳ್ಳುತ್ತಾರೆ. 1894ರಲ್ಲಿ ತೀರಿಕೊಂಡ ಕಲಾವಿದ ಗುಸ್ತಾವ್ ಕೈಬೊತ್ ತನ್ನ ಸಂಗ್ರಹವನ್ನು ಫ್ರಾನ್ಸ್ ಸರ್ಕಾರಕ್ಕೆ ಉಯಿಲು ಬರೆದಿದ್ದ. 60ಕ್ಕೂ ಹೆಚ್ಚು ಕೃತಿಗಳಲ್ಲಿ ಸರ್ಕಾರ ಒಪ್ಪಿದ್ದು ಸುಮಾರು 40 ಮಾತ್ರ. ಅದರಲ್ಲಿದ್ದ, ಇಂದು ಜಗತ್ಪ್ರಸಿದ್ಧನಾದ ಕಲಾವಿದ ಕ್ಲೋದ್ ಮೊನೆಯ ಚಿತ್ರಗಳಿಗೇ ಬೇಡ ಎನಿಸಿಕೊಳ್ಳುವ ಗತಿ ಬಂದಿತ್ತು, ಇನ್ನು ನನ್ನವು ಯಾವ ಲೆಕ್ಕ!

ಹಾಗಾಗಿ ಹೆಸರು ನೋಡಿ ಮ್ಯೂಸಿಯಂ ಆರಿಸಲಿಲ್ಲ. ನನ್ನಲ್ಲಿದ್ದ ಕಲಾವಿದರ ಕೆಲಸ ಆಗಲೇ ಸ್ವಲ್ಪ ಇರುವ, ಆದರೆ ನಡುವೆ ಕೆಲವು ವರ್ಷಗಳದ್ದು ಇಲ್ಲದಿರುವ ಜಾಗ ಹುಡುಕಿದೆ. ಅಲ್ಲಿನ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್‌ಗೆ ಬರೆದ ಪತ್ರದಲ್ಲಿ ಅದನ್ನೇ ಹೇಳಿದೆ. ಫೋಟೋಗಳನ್ನೂ ಕಳಿಸಿದೆ, ಮುಂಭಾಗದ್ದು ಮತ್ತು ಹಿಂಭಾಗದ್ದು. ಹಿಂಭಾಗ ಮುಖ್ಯ. ಹಳೆಯ ಗ್ಯಾಲರಿಯ ಚೀಟಿ, ಪ್ರದರ್ಶನದ ನಂಬರು, ಫ್ರೇಮ್ ಮಾಡಿದವರ ಮುದ್ರೆ ಎಲ್ಲ ಅಲ್ಲೇ ಇರುತ್ತವೆ.

ಜಾಸ್ತಿ ಸಮಯ ತಿಂದದ್ದು ಕಾಗದಪತ್ರ. ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಸರಪಳಿ ಪೂರ್ತಿ ತೋರಿಸಬೇಕು. ಖರೀದಿ ರಸೀದಿ, ಹರಾಜಿನ ಕ್ಯಾಟಲಾಗ್, ಕಲಾವಿದರ ಪತ್ರ, ಹಳೆಯ ಫೋಟೋದಲ್ಲಿ ಗೋಡೆಯ ಮೇಲೆ ಆ ಚಿತ್ರ ಕಂಡರೆ ಅದೂ ಸಾಕ್ಷಿಯೇ. ಯುರೋಪಿನ ಚಿತ್ರವಾದರೆ 1933ರಿಂದ 1945ರವರೆಗೆ ಎಲ್ಲಿತ್ತು ಎಂದು ಕೇಳಿಯೇ ಕೇಳುತ್ತಾರೆ. ನಾಜಿಗಳು ದೋಚಿದ ಮಾಲು ಅಲ್ಲ ಎಂಬುದು ಖಾತ್ರಿಯಾಗಬೇಕಲ್ವಾ? ನನ್ನನ್ನು ಕೇಳಿದರೆ, ಒಳ್ಳೆಯ ಚಿತ್ರದ ಜೊತೆ ಒಳ್ಳೆಯ ಫೈಲ್ ಕೊಡುವವನೇ ನಿಜವಾದ ದಾನಿ.

ಕ್ಯುರೇಟರ್ ಬಂದು ನೋಡಿ, ಪಟ್ಟಿಯಲ್ಲಿ ಕೆಲವನ್ನು ಮಾತ್ರ ಆರಿಸಿದರು. ಜಲವರ್ಣಗಳು ಬೆಳಕಿಗೆ ಬಣ್ಣ ಬಿಡುತ್ತವೆ, 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು (ಲಕ್ಸ್ ಎಂದರೆ ಬೆಳಕಿನ ಅಳತೆ), ಕೆಲವು ತಿಂಗಳು ತೂಗುಹಾಕಿದರೆ ಆಮೇಲೆ ಬಹುಕಾಲ ಕತ್ತಲಲ್ಲೇ ಇರಬೇಕು ಎಂದರು. ನನ್ನ ತಂಗಿಗೆ ಸಿಟ್ಟು ಬಂತು. "ಗೋಡೌನ್‌ನಲ್ಲಿ ಇಡೋಕೆ ಕೊಡಬೇಕಾ ಅಣ್ಣಾ? ಮನೆಯಲ್ಲೇ ಇರಲಿ ಬಿಡು" ಎಂದಳು. ಮನೆ ಗೋಡೆಯ ಮೇಲೆ ಅದೇ ಚಿತ್ರ ಬಿಸಿಲಿಗೆ ಮಾಸುತ್ತಿತ್ತು ಎಂದು ನೆನಪಿಸಿದ ಮೇಲೆ ಸುಮ್ಮನಾದಳು.

ಷರತ್ತು ಹಾಕಬೇಕೋ ಬೇಡವೋ ಎಂಬುದರ ಮೇಲೆ ಮಾತು ಬಹಳ ನಡೆಯಿತು. "ಯಾವಾಗಲೂ ಪ್ರದರ್ಶನದಲ್ಲಿರಬೇಕು" ಎಂಬ ಷರತ್ತು ಇದ್ದರೆ ಚಿತ್ರವೇ ಬೇಡ ಎಂದರು. ಸರಿಯೇ. ಹಡಗು ಉದ್ಯಮಿ ವಿಲಿಯಂ ಬರೆಲ್ 1944ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ತನ್ನ ಸಂಗ್ರಹ ಕೊಟ್ಟಾಗ, ಊರಿನ ಹೊಗೆಯಿಂದ ದೂರ ಇಡಬೇಕು, ಹೊರದೇಶಕ್ಕೆ ಕಳಿಸಬಾರದು ಎಂದಿದ್ದ. ಆ ಸಂಗ್ರಹದ ಮ್ಯೂಸಿಯಂ ತೆರೆದದ್ದೇ 1983ರಲ್ಲಿ. ಹೊರದೇಶದ ಕಟ್ಟು ಸಡಿಲಿಸಲು 2014ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ನಾನು ಒಂದೇ ಮಾತು ಬರೆಸಿದೆ: ಮುಂದೆ ಚಿತ್ರ ಬೇಡವಾದರೆ ಮಾರುವ ಮೊದಲು ಬೇರೆ ಸಾರ್ವಜನಿಕ ಮ್ಯೂಸಿಯಂಗೆ ಕೇಳಬೇಕು. ಅದಕ್ಕೆ ಒಪ್ಪಿದರು.

ದಾನಪತ್ರಕ್ಕೆ ವಕೀಲರನ್ನು ಕೂರಿಸಿಕೊಂಡೇ ಸಹಿ ಹಾಕಿ. ಐರ್ಲೆಂಡಿನ ಕಲಾವ್ಯಾಪಾರಿ ಹ್ಯೂ ಲೇನ್ 39 ಚಿತ್ರಗಳನ್ನು ಲಂಡನ್ ಬದಲು ಡಬ್ಲಿನ್‌ಗೆ ಕೊಡುವುದಾಗಿ ಉಯಿಲಿಗೆ ಸೇರಿಸಿ ಬರೆದು ಸಹಿ ಹಾಕಿದ್ದ, ಆದರೆ ಸಾಕ್ಷಿಗಳ ಸಹಿ ಇರಲಿಲ್ಲ. 1915ರಲ್ಲಿ ಲುಸಿಟಾನಿಯಾ ಹಡಗು ಮುಳುಗಿ ಸತ್ತ. ಎರಡು ನಗರಗಳ ಜಗಳ 1959ರ ಒಪ್ಪಂದದವರೆಗೂ ಎಳೆಯಿತು. ಇನ್ನೊಂದು ವಿಷಯ, ಚಿತ್ರ ನಿಮ್ಮದಾದರೂ ಕಾಪಿರೈಟ್ ಸಾಮಾನ್ಯವಾಗಿ ಕಲಾವಿದರದ್ದೇ. ಅದನ್ನು ನೀವು ಕೊಡಲಾಗುವುದಿಲ್ಲ. ತೆರಿಗೆಗೆ ಬೆಲೆ ಕಟ್ಟಿಸುವುದಿದ್ದರೆ ಮ್ಯೂಸಿಯಂಗೆ ಸಂಬಂಧವಿಲ್ಲದ ಪರಿಣಿತರಿಂದ ಮಾಡಿಸಿ.

ಕೊಡುವ ಮೊದಲು ಚೆಂದ ಕಾಣಲಿ ಎಂದು ಒರೆಸಲು ಹೋಗಬೇಡಿ. ಬಬಲ್ ರ್‍ಯಾಪ್ ನೇರವಾಗಿ ಬಣ್ಣಕ್ಕೆ ತಾಗಿದರೆ ಗುಳ್ಳೆಗಳ ಅಚ್ಚು ಉಳಿಯಬಹುದು. ಪ್ಯಾಕಿಂಗ್ ಅವರ ಕೆಲಸಗಾರರಿಗೇ ಬಿಟ್ಟೆ.

ಅವರು ಆರಿಸದ ಮುದ್ರಣಚಿತ್ರಗಳಿಗೆ ಇನ್ನೊಂದು ಸಣ್ಣ ಮ್ಯೂಸಿಯಂ ಸರಿಹೊಂದಬಹುದು ಎಂದು ಅದೇ ಕ್ಯುರೇಟರ್ ಹೇಳಿದ್ದಾರೆ. ಫೈಲ್ ಸಿದ್ಧವಿದೆ. ಆ ಮ್ಯೂಸಿಯಂನ ಸಮಿತಿ ಸಭೆ ಸೇರುವುದನ್ನು ಕಾಯುತ್ತಿದ್ದೇನೆ.